ಗದ್ದಲದ ಪರವಾಗಿ

ವಾದ್ಯಗಳಷ್ಟರಿಂದಲೇ ನಡೆಯುವ ಪೋಸ್ಟ್-ರಾಕ್ ಬಗ್ಗೆ ಒಂದು ತೀರ್ಪು ಗಟ್ಟಿಯಾಗಿ ಕೂತುಬಿಟ್ಟಿದೆ. ಮೊದಲು ಗಿಟಾರಿನ ಪಿಸುದನಿ, ಆಮೇಲೆ ನಿಧಾನದ ಏರಿಕೆ, ಕೊನೆಗೆ ಅಬ್ಬರ. ಅದರ ಬಂಡವಾಳ ಇಷ್ಟೇ, ಒಂದು ಬ್ಯಾಂಡನ್ನು ಕೇಳಿದರೆ ಎಲ್ಲರನ್ನೂ ಕೇಳಿದ ಹಾಗೆ ಎಂಬುದು ಆ ತೀರ್ಪು. ಪಂಥದ ಇತ್ತೀಚಿನ ಫಸಲನ್ನು ನೋಡಿದರೆ ಇದನ್ನು ಅಲ್ಲಗಳೆಯುವುದು ಕಷ್ಟ, ನಾನು ಅಲ್ಲಗಳೆಯಲು ಹೊರಟೂ ಇಲ್ಲ. ನನ್ನನ್ನು ಕೆರಳಿಸುವುದು ಅದರ ಬೆನ್ನಿಗೇ ಬರುವ ಇನ್ನೊಂದು ಮಾತು. ಈ ಸೂತ್ರವನ್ನು ಬರೆದಿಟ್ಟದ್ದು ಮೊಗ್ವಾಯ್ ಬ್ಯಾಂಡಿನ ಮೊದಲ ಆಲ್ಬಮ್ ‘ಯಂಗ್ ಟೀಮ್’ ಅಂತೆ. ಅದು ಹುಡುಗರ ಕೆಲಸವಂತೆ, ಮುಂದಿನ ಪ್ರಬುದ್ಧ ಕೃತಿಗಳ ಕರಡಂತೆ. ಬ್ಯಾಂಡಿನವರು ಬೆಳೆದು ಅದನ್ನು ದಾಟಿದರಂತೆ. 2021ರಲ್ಲಿ ಅವರ ‘ಆಸ್ ದ ಲವ್ ಕಂಟಿನ್ಯೂಸ್’ ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಈ ಕಥೆಗೆ ಒಂದು ಸುಖಾಂತ್ಯವೂ ಸಿಕ್ಕಿತು.

ಬ್ಯಾಂಡಿನವರೇ ತಮ್ಮ ಮೊದಲ ಆಲ್ಬಮ್ ಬಗ್ಗೆ ಹೆಮ್ಮೆಯಿಂದ ಮಾತಾಡುವುದು ಕಡಿಮೆ ಎಂಬುದನ್ನು ಈ ಪಕ್ಷದವರು ಪದೇ ಪದೇ ಎತ್ತಿ ತೋರಿಸುತ್ತಾರೆ. ಇರಲಿ. ಸ್ಟುಡಿಯೋದಲ್ಲಿ ಪಟ್ಟ ಪಾಡು ಅವರ ನೆನಪಿನಲ್ಲಿದೆ, ನಮ್ಮ ಕಿವಿಗೆ ಬರುವುದು ಆ ಪಾಡಿನಿಂದ ಹುಟ್ಟಿದ್ದು. ಆ ಎರಡರ ನಡುವೆ ಆರಿಸಬೇಕಾಗಿ ಬಂದರೆ ನಾನು ಕಿವಿಯ ಕಡೆ. ‘ಯಂಗ್ ಟೀಮ್’ ಕರಡಲ್ಲ. ಪಂಥ ಅದರಿಂದ ಕಲಿತದ್ದು ಸ್ವಲ್ಪ, ಕಲಿತಷ್ಟನ್ನೂ ತಪ್ಪಾಗಿ ಕಲಿಯಿತು.

ಪಂಥದ ವಂಶಾವಳಿಯನ್ನು ಓದುಗರು ಬಲ್ಲರು, ಬೇಗ ದಾಟಿಬಿಡುತ್ತೇನೆ. ವಿಮರ್ಶಕ ಸೈಮನ್ ರೆನಾಲ್ಡ್ಸ್ 1994ರಲ್ಲಿ ಪೋಸ್ಟ್-ರಾಕ್ ಎಂಬ ಹೆಸರನ್ನು ಚಲಾವಣೆಗೆ ತಂದಾಗ ಅವರ ಮನಸ್ಸಿನಲ್ಲಿದ್ದದ್ದು ರಾಕ್ ವಾದ್ಯಗಳನ್ನು ರಾಕ್ ಅಲ್ಲದ ಕೆಲಸಕ್ಕೆ ಹಚ್ಚುವವರು. ಟಾಕ್ ಟಾಕ್ ತಂಡದ ಕೊನೆಯ ಎರಡು ಆಲ್ಬಮ್‌ಗಳು ಆಗಲೇ ಬಂದಿದ್ದವು, ಲೂಯಿವಿಲ್ಲಿನ ಸ್ಲಿಂಟ್ 1991ರಲ್ಲಿ ‘ಸ್ಪೈಡರ್‌ಲ್ಯಾಂಡ್’ ಕೊಟ್ಟು ಕರಗಿಹೋಗಿತ್ತು, ಶಿಕಾಗೋದಲ್ಲಿ ಟಾರ್ಟಾಯ್ಸ್ ತನ್ನ ಅಚ್ಚುಕಟ್ಟಾದ ಕೆಲಸ ಶುರು ಮಾಡಿತ್ತು. ಇವರೆಲ್ಲ ಸಂಯಮಿಗಳು. ಟಾರ್ಟಾಯ್ಸ್ ಬಗ್ಗೆ ನನಗೆ ಗೌರವವಿದೆ, ಪ್ರೀತಿಯಿಲ್ಲ. ಆ ಸಂಗೀತ ಎಲ್ಲವನ್ನೂ ಯೋಚಿಸಿ ಮುಗಿಸಿದ ಮೇಲೆಯೇ ನಮ್ಮ ಹತ್ತಿರ ಬರುತ್ತದೆ.

ಗ್ಲಾಸ್ಗೋದ ಮೊಗ್ವಾಯ್ ಹುಡುಗರು ಹಾಗೆ ಬರಲಿಲ್ಲ. 1995ರಲ್ಲಿ ಬ್ಯಾಂಡ್ ಕಟ್ಟಿದರು, ‘ಗ್ರೆಮ್ಲಿನ್ಸ್’ ಸಿನಿಮಾದ ಪ್ರಾಣಿಯ ಹೆಸರಿಟ್ಟುಕೊಂಡರು. ಸ್ಟುವರ್ಟ್ ಬ್ರೇತ್‌ವೇಟ್ ಮತ್ತು ಜಾನ್ ಕಮಿಂಗ್ಸ್ ಗಿಟಾರಿಗೆ, ಡಾಮಿನಿಕ್ ಎಚಿಸನ್ ಬೇಸ್ ಗಿಟಾರಿಗೆ, ಮಾರ್ಟಿನ್ ಬುಲಕ್ ಡ್ರಮ್ಸಿಗೆ. ಟೀನೇಜ್ ಫ್ಯಾನ್‌ಕ್ಲಬ್‌ನಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಬ್ರೆಂಡನ್ ಓ’ಹೇರ್ ‘ಯಂಗ್ ಟೀಮ್’ ಒಂದಕ್ಕೆ ಜೊತೆಗಿದ್ದು ಹೊರಬಿದ್ದರು. ಡೆಲ್ಗಾಡೋಸ್ ತಂಡದವರು ತಾವೇ ನಡೆಸುತ್ತಿದ್ದ ಕೆಮಿಕಲ್ ಅಂಡರ್‌ಗ್ರೌಂಡ್ ಎಂಬ ಸಣ್ಣ ಸಂಸ್ಥೆ ಇದನ್ನು ಹೊರತಂದಿತು. ಆ ತಂಡದ ಡ್ರಮ್ಮರ್ ಪಾಲ್ ಸ್ಯಾವೇಜ್ ಮತ್ತು ಆಂಡಿ ಮಿಲ್ಲರ್ ಧ್ವನಿಮುದ್ರಣ ನೋಡಿಕೊಂಡರು. ಕೆಲಸ ನಡೆದದ್ದು ಗ್ಲಾಸ್ಗೋದ ಆಗ್ನೇಯಕ್ಕಿರುವ ಹ್ಯಾಮಿಲ್ಟನ್ನಿನಲ್ಲಿ, 1997ರ ಬೇಸಿಗೆಯಲ್ಲಿ. ಪಕ್ಕದ ಮದರ್‌ವೆಲ್ಲಿನ ರೇವನ್ಸ್‌ಕ್ರೇಗ್ ಉಕ್ಕಿನ ಕಾರ್ಖಾನೆ ಮುಚ್ಚಿ ಆಗ ಐದು ವರ್ಷ. ಸಂಗೀತವನ್ನು ಮುಚ್ಚಿದ ಕಾರ್ಖಾನೆಯ ಮೂಲಕ ವಿವರಿಸುವ ಚಟ ನನಗಿಲ್ಲ, ಆದರೆ ಈ ಹುಡುಗರು ಬೆಳೆದ ಸೀಮೆ ಯಾವುದೆಂದು ತಿಳಿದಿರಲಿ. ಅಲ್ಲಿನ ಬೀದಿಯ ಪುಂಡ ಹುಡುಗರ ಗುಂಪುಗಳಿಗಿದ್ದ ಹೆಸರನ್ನೇ ಅವರು ಆಲ್ಬಮ್‌ಗೆ ಇಟ್ಟದ್ದು. ಅದೇ ವರ್ಷದ ಆಗಸ್ಟಿನಲ್ಲಿ ಓಯಸಿಸ್‌ನ ‘ಬಿ ಹಿಯರ್ ನೌ’ ಬಂದು ಬ್ರಿಟನ್ನಿನ ಪತ್ರಿಕೆಗಳು ಅದರ ಮೆರವಣಿಗೆಯಲ್ಲಿ ಮುಳುಗಿದ್ದವು. ಅಕ್ಟೋಬರಿನಲ್ಲಿ ‘ಯಂಗ್ ಟೀಮ್’ ಬಂತು: ಹತ್ತು ಭಾಗ, ಒಂದು ಗಂಟೆಗೂ ಸ್ವಲ್ಪ ಹೆಚ್ಚು.

ಮೊದಲಿಗೆ ಸೂತ್ರದ ಆರೋಪವನ್ನೇ ತೆಗೆದುಕೊಳ್ಳೋಣ. ಸಾಕ್ಷಿಯಾಗಿ ಎಲ್ಲರೂ ಹಿಡಿಯುವುದು ಎರಡನೆಯ ಭಾಗ ‘ಲೈಕ್ ಹೆರಡ್’ ಅನ್ನು. ಅದಕ್ಕೆ ಮೊದಲಿದ್ದ ಹೆಸರು ‘ಸ್ಲಿಂಟ್’ ಎಂಬುದನ್ನು ಬ್ಯಾಂಡ್ ಬಚ್ಚಿಟ್ಟಿಲ್ಲ, ಸಾಲದ ಲೆಕ್ಕ ಅಲ್ಲಿಗೆ ಚುಕ್ತಾ. ಆದರೆ ಅದರೊಳಗೆ ನಡೆಯುವುದೇನು? ಬೇಸ್ ಗಿಟಾರಿನ ಒಂದು ಸಾಲು, ಅದರ ಮೇಲೆ ಗಿಟಾರುಗಳು ಹಗುರವಾಗಿ ಹೆಜ್ಜೆಯಿಡುತ್ತವೆ. ಸುಮಾರು ಮೂರು ನಿಮಿಷ ಅಷ್ಟೇ. ಸದ್ದು ಏರುವುದಿಲ್ಲ, ಇನ್ನಷ್ಟು ತಗ್ಗುತ್ತದೆ. ಕೇಳುವವರು ಧ್ವನಿ ಹೆಚ್ಚಿಸಲು ಕೈಚಾಚುತ್ತಾರೆ. ಆಗ ಒಮ್ಮೆಗೇ, ಯಾವ ಸೂಚನೆಯೂ ಇಲ್ಲದೆ, ಎಲ್ಲ ಗಿಟಾರುಗಳೂ ಒಟ್ಟಿಗೆ ಬೀಳುತ್ತವೆ. ಇಲ್ಲಿ ಮೆಟ್ಟಿಲಿಲ್ಲ. ಮೆಟ್ಟಿಲಿದ್ದಿದ್ದರೆ ನಾವು ತಯಾರಾಗುತ್ತಿದ್ದೆವು, ಅಬ್ಬರ ಬಂದಾಗ ಬಹುಮಾನ ಸಿಕ್ಕಿದವರಂತೆ ಹಿಗ್ಗುತ್ತಿದ್ದೆವು. ಇದು ಬಹುಮಾನವಲ್ಲ, ಏಟು. ಆಮೇಲೆ ಮತ್ತೆ ಮೌನ ಬಂದಾಗ ಅದು ಮೊದಲಿನ ಮೌನವಲ್ಲ. ಏಟು ತಿಂದವನ ಮೌನ, ಇನ್ನೊಂದು ಯಾವಾಗ ಬೀಳುತ್ತದೋ ಎಂದು ಕಾಯುವ ಮೌನ. ಹನ್ನೊಂದು ನಿಮಿಷ ದಾಟುವ ಈ ರಚನೆಯ ವಸ್ತು ಭಯ. ಶಿಶುಗಳನ್ನು ಕೊಲ್ಲಿಸಿದ ರಾಜನ ಹೆಸರನ್ನು ಅದು ಹೊತ್ತಿರುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಏರಿಕೆಯೇ ಇಲ್ಲದ ಕೃತಿಯನ್ನು ಏರಿಕೆಯ ಸೂತ್ರಕ್ಕೆ ಮೂಲವೆಂದು ಹೇಳುವವರು ಅದನ್ನು ಕೊನೆಯವರೆಗೆ ಕೇಳಿಲ್ಲ ಎಂದು ನಾನು ಹೇಳಲಾರೆ. ಕೇಳಿದ್ದಾರೆ, ಆದರೆ ಮುಂದೆ ಬಂದವರನ್ನು ಕೇಳಿದ ಕಿವಿಯಿಂದ ಹಿಂದಕ್ಕೆ ಕೇಳಿದ್ದಾರೆ. ಮೊಮ್ಮಕ್ಕಳ ದೋಷಕ್ಕೆ ಅಜ್ಜನ ಮುಖದಲ್ಲಿ ಹೋಲಿಕೆ ಹುಡುಕುವ ವಿಮರ್ಶೆ ಇದು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ವಾದ್ಯಮಾತ್ರದ ಬ್ಯಾಂಡ್ ಎಂದು ಹೆಸರಾದವರ ಈ ಮೊದಲ ಆಲ್ಬಮ್‌ನಲ್ಲಿ ಮನುಷ್ಯರ ಮಾತು ತುಂಬಿದೆ. ಶುರುವಾಗುವುದೇ ಒಬ್ಬ ಹೆಂಗಸಿನ ದನಿಯಿಂದ. ನಾರ್ವೆಯಲ್ಲಿ ಈ ಬ್ಯಾಂಡಿನ ಬಗ್ಗೆ ಬಂದ ವಿಮರ್ಶೆಯೊಂದನ್ನು ಆಕೆ ಓದುತ್ತಾಳೆ. ಹೊಗಳಿಕೆ ಮುಗಿಲು ಮುಟ್ಟುತ್ತದೆ, ಹುಡುಗರು ಅದನ್ನು ಹಾಗೇ ಬಾಗಿಲಲ್ಲಿ ನಿಲ್ಲಿಸಿ ಒಳಗೆ ತಮ್ಮ ಕೆಲಸ ಶುರು ಮಾಡುತ್ತಾರೆ. ‘ಕ್ಯಾಟ್ರಿಯನ್’ನಲ್ಲಿ ಗಿಟಾರುಗಳ ಅಡಿಯಲ್ಲಿ ಯಾರೋ ಗೊಣಗುತ್ತಾರೆ. ‘ಟ್ರೇಸಿ’ಯಲ್ಲಿ ಫೋನ್ ಸಂಭಾಷಣೆಯಿದೆ, ಬ್ಯಾಂಡಿನೊಳಗೆ ಜಗಳವಾಯಿತು, ಕೈಕೈ ಮಿಲಾಯಿಸಿದರು ಎಂದು ತಮ್ಮವರಿಗೇ ಸುಳ್ಳು ಹೇಳಿ ಬೇಸ್ತು ಬೀಳಿಸಿದ್ದರ ಮುದ್ರಣ ಅದು. ಅಂಥ ಪೋಕರಿತನಕ್ಕೆ ಜೊತೆಯಾಗಿ ಅವರು ಇಟ್ಟಿರುವುದು ಆಲ್ಬಮ್‌ನಲ್ಲೇ ಅತಿ ಮೃದುವಾದ ನಾದವನ್ನು, ಪುಟ್ಟ ಗಂಟೆಗಳಂತೆ ಕೇಳುವ ಗ್ಲಾಕನ್‌ಸ್ಪೀಲ್‌ನೊಂದಿಗೆ. ಫೋನಿನ ಆ ತುದಿಯಲ್ಲಿರುವವರ ದನಿಯಲ್ಲಿ ನಿಜವಾದ ಕಳವಳವಿದೆ. ಹುಡುಗರ ಚೇಷ್ಟೆ ಅಂತಲೇ ಅದನ್ನು ಬದಿಗಿಡುವವರಿಗೆ ಆ ಕಳವಳ ಕೇಳಿಸುವುದಿಲ್ಲ. ನನಗೆ ಅದು ಪ್ರತಿ ಸಲವೂ ಕೇಳಿಸುತ್ತದೆ: ಯಾರೋ ಇವರನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಾರೆ, ಇವರು ಮುರಿದುಹೋದರೆ ಯಾರಿಗೋ ನೋವಾಗುತ್ತದೆ.

ಎಂಟನೆಯದಾಗಿ ‘ಆರ್ ಯು ಸ್ಟಿಲ್ ಇನ್ ಟು ಇಟ್’ ಬರುತ್ತದೆ. ಅರಬ್ ಸ್ಟ್ರ್ಯಾಪ್‌ನ ಏಡನ್ ಮಾಫಟ್ ತನ್ನ ಸ್ಕಾಟಿಷ್ ಉಚ್ಚಾರಣೆಯಲ್ಲೇ, ಹಾಡುತ್ತಾನೋ ಮಾತಾಡುತ್ತಾನೋ ತಿಳಿಯದಂತೆ, ಸವೆದುಹೋಗುತ್ತಿರುವ ಒಂದು ಸಂಬಂಧದ ಬಗ್ಗೆ ಕೇಳುತ್ತಾನೆ. ಹಾಡಿಲ್ಲದ ಬ್ಯಾಂಡಿನ ಮೊದಲ ಆಲ್ಬಮ್‌ನಲ್ಲಿ ಹೀಗೊಂದು ಹಾಡು! ಶುದ್ಧತಾವಾದಿಗಳು ಇದನ್ನು ತಡವರಿಕೆ ಎಂದರು. ನನ್ನ ದೃಷ್ಟಿಯಲ್ಲಿ ಇಡೀ ಆಲ್ಬಮ್‌ನ ನಿಲುವು ಇಲ್ಲಿದೆ. ಮಾತು ಬೇಡವೆಂದು ಇವರು ಪ್ರತಿಜ್ಞೆ ಮಾಡಿರಲಿಲ್ಲ. ಮಾತು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಬಿಟ್ಟು, ಅದು ನಿಂತ ಕಡೆ ಗಿಟಾರನ್ನು ಎತ್ತಿಕೊಂಡರು. ಅದಕ್ಕೇ ಇವರ ಅಬ್ಬರಕ್ಕೆ ಹಿಂದೆ ಒಂದು ಬದುಕು ಇದೆ ಎಂದು ನಂಬಿಕೆ ಬರುತ್ತದೆ.

ಈಗ ಮಾರ್ಟಿನ್ ಬುಲಕ್ ಬಗ್ಗೆ. ಮೊಗ್ವಾಯ್ ಕುರಿತ ಬರಹಗಳಲ್ಲಿ ಬ್ರೇತ್‌ವೇಟ್‌ನ ಗಿಟಾರಿಗೆ, ಅವನ ಬಾಯಿಗೆ ಸಿಕ್ಕಿದ ಜಾಗದ ಕಾಲುಭಾಗವೂ ಈ ಡ್ರಮ್ಮರಿಗೆ ಸಿಕ್ಕಿಲ್ಲ. ನನ್ನ ಮಟ್ಟಿಗೆ ‘ಯಂಗ್ ಟೀಮ್’ ಅವನ ಆಲ್ಬಮ್. ರಾಕ್ ಡ್ರಮ್ಮರುಗಳಲ್ಲಿ ಎರಡು ಜಾತಿ ಹೆಚ್ಚು ಕಾಣುತ್ತದೆ: ತಾಳವನ್ನು ಮೊಳೆ ಹೊಡೆದು ನಿಲ್ಲಿಸುವವರು, ತಾಳದ ಮೇಲೆ ತಮ್ಮ ಕೈಚಳಕ ಹರಡುವವರು. ಬುಲಕ್ ಇಬ್ಬರಲ್ಲೂ ಸೇರುವುದಿಲ್ಲ. ಮೆಲ್ಲನೆಯ ಭಾಗಗಳಲ್ಲಿ ಅವನು ಬಿಡುವ ಜಾಗವನ್ನು ಗಮನಿಸಿ. ಪೆಟ್ಟು ಬೀಳಬೇಕಾದಲ್ಲಿ ಸ್ವಲ್ಪ ತಡೆದು ಬೀಳುತ್ತದೆ, ಗಿಟಾರುಗಳು ಅವನ ಕಡೆ ನೋಡಿ ಹೆಜ್ಜೆ ಹಾಕುವಂತೆ. ‘ಲೈಕ್ ಹೆರಡ್’ನ ಏಟಿಗೆ ಮುಂಚಿನ ಮೂರು ನಿಮಿಷ ನಮ್ಮನ್ನು ನೆಮ್ಮದಿಯಲ್ಲಿ ಮಲಗಿಸುವುದು ಅವನೇ. ಅಲ್ಲಿ ಒಂದಿಷ್ಟು ಆತುರ ತೋರಿಸಿದ್ದರೂ ಗುಟ್ಟು ರಟ್ಟಾಗುತ್ತಿತ್ತು.

ಅವನನ್ನು ಪೂರ್ತಿಯಾಗಿ ಕೇಳಬೇಕಾದರೆ ಕೊನೆಯ ಭಾಗಕ್ಕೆ ಹೋಗಬೇಕು. ‘ಮೊಗ್ವಾಯ್ ಫಿಯರ್ ಸೇಟನ್’ ಹದಿನಾರು ನಿಮಿಷ ಮೀರುತ್ತದೆ. ಗಿಟಾರುಗಳ ಬಳಿ ಇರುವುದು ಬೆರಳೆಣಿಕೆಯ ಸ್ವರಮೇಳಗಳು, ಮೊದಲ ನಿಮಿಷಗಳಲ್ಲಿ ಹಿಡಿದದ್ದನ್ನು ಅವು ಕೊನೆಯವರೆಗೂ ಬಿಡುವುದಿಲ್ಲ. ಹಾಗಾದರೆ ಚಲಿಸುವುದು ಯಾವುದು? ಡ್ರಮ್ಸ್. ಬುಲಕ್ ಇಲ್ಲಿ ತಾಳ ಎಣಿಸುವುದನ್ನು ಬಿಟ್ಟು ಉರುಳಿಸಲು ಶುರು ಮಾಡುತ್ತಾನೆ. ಪೆಟ್ಟುಗಳು ಒಂದರ ಹಿಂದೊಂದು ನುಗ್ಗುತ್ತವೆ, ಎಲ್ಲಿ ಆವರ್ತ ಮುಗಿದು ಎಲ್ಲಿ ಮತ್ತೆ ಶುರುವಾಯಿತು ಎಂದು ಹೇಳಲಾಗದು. ಗಿಟಾರುಗಳು ಉಬ್ಬಿ ಬಂದಾಗ ಅವನೂ ಉಬ್ಬುವುದಿಲ್ಲ, ಅವು ತಗ್ಗಿದಾಗ ತಾನೂ ಸುಮ್ಮನಾಗುವುದಿಲ್ಲ. ಗಿಟಾರುಗಳ ಗದ್ದಲ ಏರಿ ಇಳಿಯುತ್ತಿರುವಾಗ ಕೆಳಗೆ ಈ ಉರುಳು ತನ್ನ ಪಾಡಿಗೆ ನಡೆದೇ ಇರುತ್ತದೆ. ನಡುವೆ ಒಂದು ಕೊಳಲು ಬರುತ್ತದೆ. ಇಷ್ಟು ಕರ್ಕಶದ ಮೇಲೆ ಕೊಳಲು ತೇಲಿಸುವ ಧೈರ್ಯ ಆ ವಯಸ್ಸಿಗೇ ಬರಬೇಕು; ಮೂವತ್ತು ದಾಟಿದವರು ನೂರು ಸಲ ಯೋಚಿಸಿ ತೆಗೆದುಹಾಕುತ್ತಿದ್ದರು. ಮತ್ತು ಮುಗಿಯುವ ಬಗೆ: ಶಿಖರದ ಮೇಲೆ ನಿಲ್ಲಿಸಿ ಚಪ್ಪಾಳೆಗೆ ಕಾಯುವುದಿಲ್ಲ. ಕೊನೆಯ ನಿಮಿಷಗಳೆಲ್ಲ ಇಳಿತ. ಸೂತ್ರದ ಜನಕವೆಂದು ಹೆಸರಾದ ರಚನೆ ಸೂತ್ರವನ್ನು ತಲೆಕೆಳಗು ಮಾಡಿ ಮುಗಿಯುತ್ತದೆ.

ಇದರ ಪಕ್ಕದಲ್ಲಿ ವಾರಸುದಾರರನ್ನು ಇಡುತ್ತೇನೆ. ಟೆಕ್ಸಸ್‌ನ ಎಕ್ಸ್‌ಪ್ಲೋಶನ್ಸ್ ಇನ್ ದ ಸ್ಕೈ ಈ ಪಂಥದ ಅತಿ ಜನಪ್ರಿಯ ತಂಡಗಳಲ್ಲೊಂದು. 2003ರ ಅವರ ಮೂರನೆಯ ಆಲ್ಬಮ್ ಅನೇಕರಿಗೆ ಪೋಸ್ಟ್-ರಾಕ್ ಎಂಬುದರ ವ್ಯಾಖ್ಯೆಯೇ ಆಗಿದೆ. ಅವರ ಗಿಟಾರುಗಳು ಮಿನುಗುತ್ತವೆ, ಒಂದರ ಕೈಯನ್ನು ಇನ್ನೊಂದು ಹಿಡಿದು ಮೇಲೆ ಹತ್ತುತ್ತವೆ, ಮೇಲೆ ತಲುಪಿದಾಗ ಬೆಳಕು. ನುಡಿಸುವ ಕೌಶಲ ಮೊಗ್ವಾಯ್ ಹುಡುಗರಿಗಿಂತ ಹೆಚ್ಚೇ ಇರಬಹುದು. ನನಗೆ ಆ ಸಂಗೀತದಲ್ಲಿ ಯಾರೂ ಕಾಣುವುದಿಲ್ಲ. ಫೋನ್ ಮಾಡುವವರಿಲ್ಲ, ಗೊಣಗುವವರಿಲ್ಲ, ಹೆದರಿದವರಿಲ್ಲ. ಎಲ್ಲ ಭಾವನೆಗಳೂ ಮೊದಲೇ ತೊಳೆದು ಒಗೆದು ಮಡಿಸಿಟ್ಟಿವೆ. ಅವರ ಸಂಗೀತವನ್ನು 2004ರ ‘ಫ್ರೈಡೇ ನೈಟ್ ಲೈಟ್ಸ್’ ಸಿನಿಮಾ ಎತ್ತಿಕೊಂಡದ್ದು ಸಹಜವೇ ಆಗಿತ್ತು. ಸೋತ ಆಟಗಾರನ ಮುಖದ ಹಿಂದೆ ಅದು ಸಲೀಸಾಗಿ ಕೂರುತ್ತದೆ, ಗೆದ್ದವನ ಹಿಂದೆಯೂ ಅಷ್ಟೇ ಸಲೀಸಾಗಿ. ಅಲ್ಲಿಂದ ಮುಂದೆ ಜಾಹೀರಾತು, ಸಾಕ್ಷ್ಯಚಿತ್ರ, ಓದುವಾಗ ಹಾಕಿಕೊಳ್ಳುವ ಪಟ್ಟಿಗಳು. ವಿಮರ್ಶಕರು ಬೈಯುವ ಪಂಥ ಇದು, ಬೈಯಲಿ. ಮೊಗ್ವಾಯ್ ಕೂಡ 2006ರಲ್ಲಿ ಝಿದಾನ್ ಕುರಿತ ಚಿತ್ರಕ್ಕೆ ಸಂಗೀತ ಕೊಟ್ಟಿತಲ್ಲ ಎಂದು ಯಾರಾದರೂ ಕೇಳಬಹುದು. ಕೊಟ್ಟಿತು. ಒಂದೇ ಪಂದ್ಯದಲ್ಲಿ ಒಬ್ಬನೇ ಆಟಗಾರನನ್ನು ಹಿಂಬಾಲಿಸುವ ಆ ಚಿತ್ರಕ್ಕೆ ಕಥೆಯಿಲ್ಲ. ಎಲ್ಲಿ ಅಳಬೇಕು, ಎಲ್ಲಿ ಹಿಗ್ಗಬೇಕು ಎಂದು ಸಂಗೀತ ಅಲ್ಲಿ ಯಾರಿಗೂ ಹೇಳಿಕೊಡುವುದಿಲ್ಲ.

ಮಾಂಟ್ರಿಯಲ್‌ನ ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್ ತಂಡದ ಮೊದಲ ಆಲ್ಬಮ್ ಕೂಡ 1997ರದೇ, ಐನೂರು ಪ್ರತಿಗಳ ಮೊದಲ ಮುದ್ರಣದಿಂದ ಹೊರಟದ್ದು. ಗಂಭೀರ ಕೇಳುಗರು ‘ಯಂಗ್ ಟೀಮ್’ ಬಿಟ್ಟು ಅದನ್ನು ಆರಿಸುತ್ತಾರೆ. ಅದು ದೊಡ್ಡ ಕೃತಿ. ಆದರೆ ಲೋಕ ಮುಳುಗಿಹೋಗಿದೆ ಎಂದು ಅದಕ್ಕೆ ಮೊದಲೇ ಗೊತ್ತಿದೆ, ನಮಗೆ ಪಾಠ ಹೇಳಲು ಬಂದಿದೆ. ಗ್ಲಾಸ್ಗೋದ ಹುಡುಗರಿಗೆ ಏನೂ ಗೊತ್ತಿಲ್ಲ, ಹೆದರಿಕೆ ಮಾತ್ರ ಗೊತ್ತು. ನಾನು ಅವರ ಜೊತೆ.

ಈ ಸಂಗೀತವನ್ನು ಹೊಗಳುವವರೂ ನನಗೆ ಬೈಯುವವರಷ್ಟೇ ತೊಂದರೆ ಕೊಟ್ಟಿದ್ದಾರೆ. ‘ಸಿನಿಮಾ ನೋಡಿದ ಹಾಗಾಗುತ್ತದೆ’ ಎಂಬುದು ಅವರ ಅತ್ಯುಚ್ಚ ಪ್ರಶಂಸೆ. ಕಣ್ಣಿಗೆ ಚಿತ್ರ ಒದಗಿಸಿದರೆ ಮಾತ್ರ ನಾದಕ್ಕೆ ಬೆಲೆ ಎಂದಂತಾಯಿತು ಇದು. ನಮ್ಮಲ್ಲಿ ಇದಕ್ಕೆ ಇನ್ನೊಂದು ರೂಪವಿದೆ. ಕನ್ನಡಿಗ ಕೇಳುಗನಿಗೆ ಸಾಹಿತ್ಯ ಬೇಕು. ಕಾಳಿಂಗರಾಯರಿಂದ ಅಶ್ವತ್ಥ್‌ವರೆಗೆ ನಮ್ಮ ಸುಗಮ ಸಂಗೀತ ಕವಿತೆಯ ಹೆಗಲ ಮೇಲೆ ಬಂದದ್ದು, ಅದರ ಸೊಗಸು ನನಗೂ ಪ್ರಿಯ. ಕಛೇರಿಯಲ್ಲಿ ವೀಣೆ ಕೇಳುವಾಗಲೂ ನಾವು ಮನಸ್ಸಿನಲ್ಲೇ ಕೃತಿಯ ಪದಗಳನ್ನು ತುಂಬಿಕೊಳ್ಳುತ್ತೇವೆ, ವೀಣೆ ಹಾಡಿತು ಎಂದು ಮೆಚ್ಚುತ್ತೇವೆ. ಹೀಗೆ ಬೆಳೆದ ಕಿವಿ ‘ಯಂಗ್ ಟೀಮ್’ ಕೇಳಿದರೆ ಮೊದಲು ಕೇಳುವ ಪ್ರಶ್ನೆ, ಇದು ಯಾವುದರ ಬಗ್ಗೆ? ಸ್ವಲ್ಪ ಸಹನೆಯಿದ್ದವರು ರಾಗಾಲಾಪಕ್ಕೆ ಹೋಲಿಸಿ ಮರ್ಯಾದೆ ಕೊಡುತ್ತಾರೆ: ವಿಲಂಬದಿಂದ ದ್ರುತಕ್ಕೆ, ಮಂದ್ರದಿಂದ ತಾರಕ್ಕೆ. ಈ ಹೋಲಿಕೆ ಇಬ್ಬರಿಗೂ ಅನ್ಯಾಯ. ಆಲಾಪದಲ್ಲಿ ಒಂದೊಂದು ಸ್ವರಕ್ಕೂ ಕೇಳುಗ ಮೊದಲೇ ಬಲ್ಲ ನಡೆಯಿದೆ, ಗಾಯಕ ಆ ನಿರೀಕ್ಷೆಯ ಜೊತೆ ಆಡುತ್ತಾನೆ. ‘ಫಿಯರ್ ಸೇಟನ್’ನಲ್ಲಿ ರಾಗವಿಲ್ಲ, ಸ್ವರವಿಸ್ತಾರವೂ ಇಲ್ಲ. ಬದಲಾಗುವುದು ಸದ್ದಿನ ಗಾತ್ರ, ಅದರ ಒರಟು, ಅದರ ಭಾರ.

ಗಾತ್ರವೂ ಸಂಗೀತದ ಗುಣವೆಂದು ಒಪ್ಪಲು ನಮ್ಮ ರಸಿಕರಿಗೆ ಕಷ್ಟ. ಮೆಲುದನಿ ಸಂಸ್ಕಾರ, ಜೋರುದನಿ ಒರಟುತನ ಎಂಬುದು ಸಭೆಗಳಲ್ಲಿ ಬೇರೂರಿದ ನಂಬಿಕೆ. ಇದೇ ನಂಬಿಕೆಯಿಂದ ‘ಯಂಗ್ ಟೀಮ್’ ಅಪ್ರಬುದ್ಧವೆಂಬ ತೀರ್ಪೂ ಹುಟ್ಟುತ್ತದೆ. ನಂತರದ ಆಲ್ಬಮ್‌ಗಳು ಸದ್ದು ತಗ್ಗಿಸಿದವು, ಆದ್ದರಿಂದ ಪ್ರಬುದ್ಧ. ಈ ತರ್ಕಕ್ಕೆ ಉತ್ತರ ಕೊಡಬಲ್ಲವರು ನಮ್ಮ ಮೈಸೂರಿನಲ್ಲೇ ಇದ್ದರು. ತಿರುಮಕೂಡಲಿನ ಪಿಟೀಲು ಚೌಡಯ್ಯನವರು ಮೈಕಿಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ಹಿಂದೆ ಕೂತವರಿಗೂ ಪಿಟೀಲು ಕೇಳಿಸಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿದರು. ಒಂದು ಸ್ಥಾಯಿಯ ಅಂತರದ ಜೋಡಿ ತಂತಿಗಳು ಒಟ್ಟಿಗೆ ಮಿಡಿದಾಗ ನಾದ ದೊಡ್ಡದಾದದ್ದಷ್ಟೇ ಅಲ್ಲ, ಅದರ ಬಣ್ಣವೇ ಬೇರೆಯಾಯಿತು. ದಪ್ಪವಾಯಿತು, ಒಂದಿಷ್ಟು ಗರಗಸದ ಅಂಚೂ ಬಂತು. ಆ ದೊಡ್ಡ ನಾದವನ್ನು ಯಾರೂ ಹುಡುಗಾಟ ಎನ್ನಲಿಲ್ಲ. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದ್ದೇವೆ. ಕರಾವಳಿಯ ಬಯಲಾಟದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ಚಂಡೆ ಎದೆಗೆ ಬಡಿಯುತ್ತದೆ. ಅದನ್ನು ತಗ್ಗಿಸಿ ನುಡಿಸಿ ಎಂದು ಕೇಳುವವನಿಗೆ ಆಟ ಗೊತ್ತಿಲ್ಲ ಎನ್ನುತ್ತೇವೆ. ನಮ್ಮದೇ ಪರಂಪರೆಯಲ್ಲಿ ಇಷ್ಟು ಅನುಭವವಿರುವಾಗ ಗ್ಲಾಸ್ಗೋದ ಹುಡುಗರ ಸದ್ದಿನ ಮುಂದೆ ಮಾತ್ರ ಕಿವಿ ಮುಚ್ಚಿಕೊಂಡು ಸಂಸ್ಕಾರದ ಹೆಸರು ಹೇಳುವುದನ್ನು ನಾನು ಒಪ್ಪಲಾರೆ.

ಈಗಿನ ಕೇಳುವ ಅಭ್ಯಾಸದ ಮೇಲೆ ನನಗಿರುವ ಮುನಿಸೂ ಇದೇ ಕಾರಣಕ್ಕೆ. ಏಕಾಗ್ರತೆಗೆ, ನಿದ್ರೆಗೆ, ಪ್ರಯಾಣಕ್ಕೆ ಎಂದು ಸಂಗೀತವನ್ನು ಕೆಲಸಕ್ಕೆ ಹಚ್ಚುವವರಿಗೆ ಪದವಿಲ್ಲದ ಸಂಗೀತ ಅನುಕೂಲ, ಅಡ್ಡ ಬರುವುದಿಲ್ಲ. ಪೋಸ್ಟ್-ರಾಕ್‌ನ ಬಹುಪಾಲು ಹೊಸ ಧ್ವನಿಮುದ್ರಣಗಳು ಈ ಅನುಕೂಲಕ್ಕೆ ಒಗ್ಗಿಕೊಂಡೇ ಹುಟ್ಟುತ್ತಿವೆ. ‘ಯಂಗ್ ಟೀಮ್’ ಹಾಕಿಕೊಂಡು ಲೆಕ್ಕ ಬರೆಯಲು ಆಗುವುದಿಲ್ಲ. ‘ವಿತ್ ಪೋರ್ಟ್‌ಫೋಲಿಯೋ’ ಪಿಯಾನೋದಿಂದ ಸಭ್ಯವಾಗಿ ಶುರುವಾಗಿ, ಎಡಕಿವಿಯಿಂದ ಬಲಕಿವಿಗೆ ತಿರುಗುವ ಕರ್ಕಶವಾಗುತ್ತದೆ. ಕಿವಿಗೆ ಹಾಕಿಕೊಂಡಿದ್ದನ್ನು ಕಿತ್ತೆಸೆಯಬೇಕೆನಿಸುತ್ತದೆ. ಅಡ್ಡ ಬರುವುದೇ ಅದರ ಕೆಲಸ.

ಆದ್ದರಿಂದ ಇದನ್ನು ಬಿಡಿಬಿಡಿಯಾಗಿ ಕೇಳಿ ತೀರ್ಪು ಕೊಡುವವರ ಜೊತೆ ನನ್ನ ಜಗಳ ಮುಂದುವರಿಯುತ್ತದೆ. ಪಟ್ಟಿಗಳು ‘ಲೈಕ್ ಹೆರಡ್’ ಮತ್ತು ‘ಫಿಯರ್ ಸೇಟನ್’ ಎರಡನ್ನು ಕಿತ್ತುಕೊಂಡು ಉಳಿದದ್ದನ್ನು ಬಿಡುತ್ತವೆ. ಒಂದೂವರೆ ನಿಮಿಷದ ‘ರೇಡಾರ್ ಮೇಕರ್’ ಯಾವ ಪಟ್ಟಿಗೂ ಬರುವುದಿಲ್ಲ. ‘ಎ ಚಿಯರಿ ವೇವ್ ಫ್ರಮ್ ಸ್ಟ್ರ್ಯಾಂಡೆಡ್ ಯಂಗ್‌ಸ್ಟರ್ಸ್’ ಎಂಬ ಎರಡು ನಿಮಿಷದ ಪಿಯಾನೋ ತುಣುಕೂ ಬರುವುದಿಲ್ಲ. ಆದರೆ ಮಾಫಟ್‌ನ ದನಿ ನಿಂತ ಮೇಲೆ, ಹದಿನಾರು ನಿಮಿಷದ ಆ ಉರುಳು ಶುರುವಾಗುವ ಮುಂಚೆ, ಆಲ್ಬಮ್ ಇಟ್ಟಿರುವುದು ಆ ತುಣುಕನ್ನೇ. ಅದನ್ನು ದಾಟಿಸಿ ‘ಫಿಯರ್ ಸೇಟನ್’ಗೆ ಜಿಗಿದವರಿಗೆ ಸಿಗುವುದು ದೊಡ್ಡ ಸದ್ದು ಮಾತ್ರ, ಮತ್ತು ಅವರು ಬರೆಯುವುದು ಆ ದೊಡ್ಡ ಸದ್ದಿನ ಬಗ್ಗೆ ಮಾತ್ರ. ಪಂಥದ ಮೇಲಿನ ತೀರ್ಪನ್ನು ಈ ಆಲ್ಬಮ್ ಮೇಲೆ ಹೊರಿಸುವ ಮುಂಚೆ ಹತ್ತನ್ನೂ ಅದೇ ಕ್ರಮದಲ್ಲಿ, ಧ್ವನಿ ತಗ್ಗಿಸದೆ, ಬೇರೆ ಕೆಲಸ ಬಿಟ್ಟು ಕೇಳಬೇಕೆಂಬುದು ನನ್ನ ಬೇಡಿಕೆ. ವಿಮರ್ಶಕರಿಂದ ಅಷ್ಟನ್ನು ಕೇಳುವ ಹಕ್ಕು ‘ಯಂಗ್ ಟೀಮ್’ಗೆ ಇದೆ.